ಮಾದರಿ ರೈಲು ಹವ್ಯಾಸ: ಕೈಕೆಲಸ ಮತ್ತು ಸಿದ್ಧ ಮಾದರಿ

ನಿಜವಾದ ರೈಲು, ಹಳಿ, ನಿಲ್ದಾಣ, ಸೇತುವೆ ಹಾಗೂ ಸುತ್ತಲಿನ ನೆಲವನ್ನು ಒಂದೇ ಪ್ರಮಾಣದಲ್ಲಿ ಕಿರಿದುಮಾಡಿ ಕಟ್ಟುವ, ಕಟ್ಟಿದ್ದನ್ನು ಓಡಿಸುವ ಹವ್ಯಾಸವೇ ಮಾದರಿ ರೈಲು ಹವ್ಯಾಸ. ಆಟಿಕೆ ರೈಲಿಗೂ ಮಾದರಿ ರೈಲಿಗೂ ಇರುವ ವ್ಯತ್ಯಾಸ ಅಳತೆಯದು. ಆಟಿಕೆಗೆ ಗಾಲಿ ಇದ್ದು ಓಡಿದರೆ ಸಾಕು. ಮಾದರಿಯಲ್ಲಿ ಗಾಲಿಯ ವ್ಯಾಸ, ಡಬ್ಬಿಯ ಉದ್ದ, ಕಿಟಕಿಗಳ ನಡುವಿನ ಅಂತರ ಎಲ್ಲವೂ ಮೂಲದ ಅಳತೆಗೆ ಹೊಂದಬೇಕು. ಈ ಹವ್ಯಾಸದಲ್ಲಿ ಮೊದಲಿನಿಂದಲೂ ಎರಡು ದಾರಿಗಳಿವೆ. ಕಾರ್ಖಾನೆಯಲ್ಲಿ ತಯಾರಾದ ಸಿದ್ಧ ಮಾದರಿಯನ್ನು ಕೊಂಡು ಓಡಿಸುವುದು ಒಂದು. ತಗಡು, ರಟ್ಟು, ಮರ, ಹಿತ್ತಾಳೆಗಳಿಂದ ತಾನೇ ಕಟ್ಟುವುದು ಇನ್ನೊಂದು. ಯಾವುದು ಮೇಲು ಎಂಬ ಚರ್ಚೆ ಯುರೋಪು, ಅಮೆರಿಕಗಳಲ್ಲಿ ಹವ್ಯಾಸದಷ್ಟೇ ಹಳೆಯದು. ಭಾರತದಲ್ಲಿ, ಅದರಲ್ಲೂ ಬೆಳಗಾವಿ ಜಿಲ್ಲೆಯ ಉತ್ತರದ ಗಡಿನಾಡಿನಲ್ಲಿ, ಈ ಪ್ರಶ್ನೆ ಬೇರೆಯೇ ರೂಪ ತಾಳುತ್ತದೆ: ಇಲ್ಲಿನ ರೈಲಿನ ಚರಿತ್ರೆಯನ್ನು ಮಾದರಿಯಲ್ಲಿ ಉಳಿಸಬೇಕೆಂದರೆ ಕೈಕೆಲಸವಿಲ್ಲದೆ ಗತ್ಯಂತರವಿಲ್ಲ.

ಪ್ರಮಾಣ ಮತ್ತು ಗೇಜು

ಮೂಲಕ್ಕಿಂತ ಮಾದರಿ ಎಷ್ಟು ಪಟ್ಟು ಚಿಕ್ಕದು ಎಂಬುದು ಪ್ರಮಾಣ. ಎರಡು ಹಳಿಗಳ ಒಳಅಂಚುಗಳ ನಡುವಿನ ಅಂತರ ಗೇಜು. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಪ್ರಮಾಣ 1:87. ಅಂದರೆ ಮೂಲದ 1 ಅಡಿ ಮಾದರಿಯಲ್ಲಿ 3.5 ಮಿ.ಮೀ. ಯುರೋಪು ಮತ್ತು ಅಮೆರಿಕದ ಸ್ಟ್ಯಾಂಡರ್ಡ್ ಗೇಜು 1,435 ಮಿ.ಮೀ. ಆದ್ದರಿಂದ ಅದರ ಎಚ್‌ಒ ಹಳಿ 16.5 ಮಿ.ಮೀ. ಅಗಲದ್ದು. ಎನ್ ಪ್ರಮಾಣದಲ್ಲಿ ಮಾದರಿ ಸಾಮಾನ್ಯವಾಗಿ 1:160, ಹಳಿ 9 ಮಿ.ಮೀ. ಜರ್ಮನಿಯ ಮಾರ್ಕ್ಲಿನ್ ಕಂಪನಿ 1972ರಲ್ಲಿ ತಂದ ಝಡ್ ಪ್ರಮಾಣ ಇನ್ನೂ ಚಿಕ್ಕದು, 1:220.

ಬ್ರಿಟನ್ನಿನ ಒಒ ಪ್ರಮಾಣದ ಕಥೆ ಸಿದ್ಧ ಮಾದರಿಯ ಒಳಗಿನ ರಾಜಿಯನ್ನು ಚೆನ್ನಾಗಿ ತೋರಿಸುತ್ತದೆ. ಅಲ್ಲಿನ ಇಂಜಿನ್ನುಗಳು ಯುರೋಪಿನವಕ್ಕಿಂತ ಗಾತ್ರದಲ್ಲಿ ಸಣ್ಣವು. 1:87ಕ್ಕೆ ಇಳಿಸಿದರೆ ಆ ಕಾಲದ ಮೋಟರು ಒಳಗೆ ಕೂರುತ್ತಿರಲಿಲ್ಲ. ಹಾಗಾಗಿ ಮೈಯನ್ನು 1 ಅಡಿಗೆ 4 ಮಿ.ಮೀ. ಲೆಕ್ಕದಲ್ಲಿ ದೊಡ್ಡದು ಮಾಡಿ, ಹಳಿಯನ್ನು ಮಾತ್ರ 16.5 ಮಿ.ಮೀ.ಗೇ ಉಳಿಸಿಕೊಂಡರು. ಆ ಪ್ರಮಾಣಕ್ಕೆ ನಿಖರವಾದ ಹಳಿ 18.83 ಮಿ.ಮೀ. ಇರಬೇಕು. ಈ ತಪ್ಪನ್ನು ಒಪ್ಪದ ಹವ್ಯಾಸಿಗಳು 18.83 ಮಿ.ಮೀ. ಹಳಿಯನ್ನು ತಾವೇ ಹಾಸಿಕೊಂಡು, ಕೊಂಡ ಇಂಜಿನ್ನಿನ ಗಾಲಿಗಳನ್ನೂ ಬದಲಿಸಿಕೊಂಡರು. ಇಂದಿಗೂ ಬ್ರಿಟನ್ನಿನಲ್ಲಿ ಎರಡು ಬಗೆಯವರೂ ಇದ್ದಾರೆ.

ಹುಟ್ಟು ಮತ್ತು ಬೆಳವಣಿಗೆ

19ನೆಯ ಶತಮಾನದಲ್ಲಿ ತಗಡಿನ ಆಟಿಕೆ ರೈಲುಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಮಾರ್ಕ್ಲಿನ್ 1891ರ ಲೈಪ್‌ಜಿಗ್ ಜಾತ್ರೆಯಲ್ಲಿ ಕೀಲಿ ಕೊಟ್ಟು ಓಡಿಸುವ ರೈಲನ್ನೂ ಅದಕ್ಕೆ ಜೋಡಿಸುತ್ತಾ ಹೋಗಬಹುದಾದ ಹಳಿಗಳನ್ನೂ ನಿಗದಿತ ಗೇಜುಗಳಲ್ಲಿ ತಂದಿಟ್ಟಿತು. ಸ್ವಲ್ಪಸ್ವಲ್ಪವೇ ಕೊಂಡು ಬೆಳೆಸಬಹುದಾದ ರೈಲು ಎಂಬ ಕಲ್ಪನೆ ಅಲ್ಲಿಂದ ಹರಡಿತು. ಅಮೆರಿಕದಲ್ಲಿ ಲಯನೆಲ್ 1900ರಲ್ಲಿ ಶುರುವಾಯಿತು. ಬ್ರಿಟನ್ನಿನಲ್ಲಿ ಮೆಕ್ಯಾನೊ ಆಟಿಕೆಯಿಂದ ಹೆಸರಾಗಿದ್ದ ಫ್ರ್ಯಾಂಕ್ ಹಾರ್ನ್‌ಬಿ 1920ರಲ್ಲಿ ರೈಲು ತಯಾರಿಕೆಗೆ ಇಳಿದರು. 1938ರಲ್ಲಿ ಹಾರ್ನ್‌ಬಿ ಡಬ್ಲೊ ಎಂಬ ಮೇಜಿನ ಮೇಲೆ ಹಿಡಿಯುವ ಸಣ್ಣ ರೈಲು ಬಂತು.

ಇದೇ ವೇಳೆಗೆ ಕಟ್ಟುವವರೂ ಒಟ್ಟುಗೂಡಿದರು. ಅಮೆರಿಕದಲ್ಲಿ 1934ರಲ್ಲಿ ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆ ಹೊರಬಂತು. ಮರುವರ್ಷ ಮಿಲ್ವಾಕಿಯಲ್ಲಿ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ ಹುಟ್ಟಿ, ಗಾಲಿ ಮತ್ತು ಹಳಿಗಳ ಅಳತೆಗೆ ಸಾಮಾನ್ಯ ನಿಯಮ ತಂದಿತು. ಒಬ್ಬ ಕಟ್ಟಿದ ಡಬ್ಬಿ ಇನ್ನೊಬ್ಬನ ಹಳಿಯ ಮೇಲೆ ಓಡಬೇಕೆಂದರೆ ಇಂಥ ನಿಯಮ ಬೇಕೇ ಬೇಕು.

ಎರಡನೆಯ ಮಹಾಯುದ್ಧದ ನಂತರ ಪ್ಲಾಸ್ಟಿಕ್ ಅಚ್ಚಿನ ಕಿಟ್‌ಗಳು ಬಂದವು. ಅಮೆರಿಕದ ಅಥರ್ನ್ ಕಂಪನಿಯ ನೀಲಿ ಪೆಟ್ಟಿಗೆಯ ಕಿಟ್‌ಗಳನ್ನು ಒಂದು ಸ್ಕ್ರೂಡ್ರೈವರ್ ಇದ್ದರೆ ಸಂಜೆಯೊಳಗೆ ಜೋಡಿಸಬಹುದಿತ್ತು. ಜಪಾನಿನಲ್ಲಿ, ಆಮೇಲೆ ಕೊರಿಯಾದಲ್ಲಿ, ಕುಶಲಕರ್ಮಿಗಳು ಹಿತ್ತಾಳೆಯಲ್ಲಿ ಬೆಸುಗೆ ಹಾಕಿ ಮಾಡಿದ ಇಂಜಿನ್ನುಗಳು ಅಮೆರಿಕದ ಮಾರುಕಟ್ಟೆಗೆ ಹೋದವು. ಕೊಂಡವನಿಗೆ ಅವು ಸಿದ್ಧ ಮಾದರಿ. ಆದರೆ ಅವುಗಳಲ್ಲಿ ಇದ್ದದ್ದು ಬೇರೆಯವರ ಕೈಕೆಲಸವೇ. 1987ರಲ್ಲಿ ಹಾಂಗ್‌ಕಾಂಗಿನ ಕೇಡರ್ ಸಂಸ್ಥೆ ಮಾದರಿ ರೈಲು ತಯಾರಿಸುವ ಬಾಕ್‌ಮನ್ ಕಂಪನಿಯನ್ನು ಕೊಂಡಿತು. 1990ರ ದಶಕದಲ್ಲಿ ಹಾರ್ನ್‌ಬಿ ತಯಾರಿಕೆಯನ್ನು ಚೀನಾಕ್ಕೆ ಸಾಗಿಸಿತು. ಅಲ್ಲಿಂದ ಮುಂದೆ ಸಿದ್ಧ ಮಾದರಿಯ ನಯಗಾರಿಕೆ ಬಹಳ ಏರಿತು. ಪ್ರತ್ಯೇಕವಾಗಿ ಕೂರಿಸಿದ ಕೈಹಿಡಿಕೆ, ಓದಬಹುದಾದಷ್ಟು ಸ್ಪಷ್ಟವಾದ ಅಕ್ಷರ, ಇಂಜಿನ್ನಿನೊಳಗೆ ಶಬ್ದದ ಚಿಪ್ ಇವೆಲ್ಲ ಪೆಟ್ಟಿಗೆಯಲ್ಲೇ ಬರತೊಡಗಿದವು. ಒಂದೇ ಹಳಿಯ ಮೇಲೆ ಹಲವು ಇಂಜಿನ್ನುಗಳನ್ನು ಬೇರೆಬೇರೆಯಾಗಿ ನಡೆಸುವ ಡಿಜಿಟಲ್ ನಿಯಂತ್ರಣಕ್ಕೆ 1990ರ ದಶಕದಲ್ಲೇ ಸಾಮಾನ್ಯ ನಿಯಮಗಳಾದವು.

ತಯಾರಿಕೆಯ ನಾಲ್ಕು ಬಗೆ

ಕೈಕೆಲಸ ಮತ್ತು ಸಿದ್ಧ ಮಾದರಿಗಳ ನಡುವೆ ಒಂದೇ ಗೆರೆ ಎಳೆಯಲಾಗದು. ಹವ್ಯಾಸಿಗಳ ಕೆಲಸವನ್ನು ನಾಲ್ಕು ಬಗೆಯಾಗಿ ನೋಡುವುದು ರೂಢಿ. ಪೆಟ್ಟಿಗೆಯಿಂದ ತೆಗೆದು ಹಳಿಯ ಮೇಲಿಟ್ಟರೆ ಓಡುವುದು ಸಿದ್ಧ ಮಾದರಿ. ಬಿಡಿಭಾಗಗಳನ್ನು ಜೋಡಿಸಿ ಬಣ್ಣ ಹಚ್ಚುವುದು ಕಿಟ್. ಎರಡು ಮೂರು ಮಾದರಿಗಳನ್ನು ಕತ್ತರಿಸಿ, ಬೇಕಾದ್ದನ್ನು ಕೂಡಿಸಿ, ಅಂಗಡಿಯಲ್ಲಿ ಸಿಗದ ಬಂಡಿಯನ್ನು ಮಾಡಿಕೊಳ್ಳುವುದು ಕಿಟ್ ಬದಲಾವಣೆ. ನಕ್ಷೆ ನೋಡಿ ಕಚ್ಚಾವಸ್ತುವಿನಿಂದಲೇ ಕಟ್ಟುವುದು ಮೂಲ ನಿರ್ಮಾಣ.

ಮೂಲ ನಿರ್ಮಾಣವನ್ನು ಗೌರವಿಸುವ ವ್ಯವಸ್ಥೆಗಳಲ್ಲಿ ಅಮೆರಿಕದ ಅಸೋಸಿಯೇಷನ್ನಿನ ಪ್ರಮಾಣಪತ್ರ ಪದ್ಧತಿ ಹೆಸರುವಾಸಿ. ಕಟ್ಟಡ ವಿಭಾಗದ ಪ್ರಮಾಣಪತ್ರಕ್ಕೆ 12 ಮಾದರಿ ಬೇಕು, ಅವುಗಳಲ್ಲಿ ಕನಿಷ್ಠ 6 ಮೂಲ ನಿರ್ಮಾಣವಾಗಿರಬೇಕು. ಆದರೆ ಮೂಲ ನಿರ್ಮಾಣ ಎಂದು ಒಪ್ಪುವಾಗ ಗಾಲಿ, ಮೋಟರು, ಹಲ್ಲುಚಕ್ರ, ಕೊಂಡಿಗಳನ್ನು ಕೊಂಡು ತರಲು ಇದೇ ಪದ್ಧತಿ ಅವಕಾಶ ಕೊಡುತ್ತದೆ. ಕೈಕೆಲಸವನ್ನು ಇಷ್ಟು ಕಟ್ಟುನಿಟ್ಟಾಗಿ ಅಳೆಯುವವರು ಕೂಡ ಕಾರ್ಖಾನೆಯ ನೆರವಿಲ್ಲದೆ ರೈಲು ಓಡದು ಎಂಬುದನ್ನು ಒಪ್ಪಿಕೊಂಡಿದ್ದಾರೆ.

ಚರ್ಚೆಯ ಎರಡು ಬದಿ

ಕೈಕೆಲಸದ ಪರವಾಗಿರುವವರ ಮುಖ್ಯ ಮಾತು ಕಲಿಕೆಯದು. ಇಂಜಿನ್ನಿನ ಚಾಲಕ ದಂಡವನ್ನು ಅರದಿಂದ ಉಜ್ಜಿ ಮಾಡಿದವನಿಗೆ ಉಗಿಯಂತ್ರ ಹೇಗೆ ನಡೆಯುತ್ತದೆಂದು ಯಾರೂ ಹೇಳಿಕೊಡಬೇಕಿಲ್ಲ. ಹಳಿ ಹಾಸಿದವನಿಗೆ ತಿರುವಿನಲ್ಲಿ ಡಬ್ಬಿ ಏಕೆ ಹಳಿ ತಪ್ಪುತ್ತದೆಂದು ತಿಳಿದಿರುತ್ತದೆ, ಕೆಟ್ಟರೆ ರಿಪೇರಿ ಮಾಡುವ ಧೈರ್ಯವೂ ಇರುತ್ತದೆ. ಸಿದ್ಧ ಮಾದರಿಯವರ ಮಾತಿಗೂ ತೂಕವಿದೆ. ನೌಕರಿ, ಮನೆ, ಮಕ್ಕಳ ನಡುವೆ ಸಿಗುವ ಸಮಯ ಕಡಿಮೆ. ಕಣ್ಣು ಮಂಜಾದವರಿಗೆ, ಕೈ ನಡುಗುವವರಿಗೆ ಸೂಕ್ಷ್ಮ ಕೆಲಸ ಆಗದು. ವೇಳಾಪಟ್ಟಿಯಂತೆ ರೈಲು ನಡೆಸುವುದರಲ್ಲಿ, ಸಿಗ್ನಲ್ ವ್ಯವಸ್ಥೆ ಕಟ್ಟುವುದರಲ್ಲಿ ಆಸಕ್ತಿ ಇರುವವರು ಒಂದೊಂದು ಡಬ್ಬಿಗೆ ತಿಂಗಳುಗಟ್ಟಲೆ ಕೊಡಬೇಕೆಂದು ಒತ್ತಾಯಿಸುವುದು ನ್ಯಾಯವಲ್ಲ.

ದೊಡ್ಡ ಪ್ರದರ್ಶನಗಳು ಎರಡನ್ನೂ ಬೆರೆಸಿವೆ. ಹ್ಯಾಂಬುರ್ಗಿನಲ್ಲಿ 2001ರಲ್ಲಿ ಬಾಗಿಲು ತೆರೆದ ಮಿನಿಯಾಟೂರ್ ವುಂಡರ್‌ಲಾಂಡ್‌ನಲ್ಲಿ ಓಡುವ ರೈಲುಗಳ ಹಿಂದೆ ಕಾರ್ಖಾನೆ ಇದೆ. ಬೆಟ್ಟ, ಊರು, ಬೀದಿಗಳು ಕೈಯಿಂದ ಆದವು. ಕ್ಯಾಲಿಫೋರ್ನಿಯಾದ ಜಾನ್ ಅಲೆನ್ ಹೊಸದಾಗಿ ಹೊಳೆಯುವ ಮಾದರಿಗಳಿಗೆ ಮಸಿ, ತುಕ್ಕು, ಮಳೆಯ ಕಲೆಗಳನ್ನು ಹಚ್ಚಿ ನಿಜರೂಪ ತರುವ ಕಲೆಯನ್ನು ಜನಪ್ರಿಯಗೊಳಿಸಿದರು. ಕೊಂಡು ತಂದ ಬಂಡಿಗೂ ಕೈಯ ಗುರುತು ಹೀಗೆ ಸೇರುತ್ತದೆ.

ಇಂಗ್ಲೆಂಡಿನ ಪೆಂಡನ್ ಸಂಗ್ರಹಾಲಯದ ಉದಾಹರಣೆ ಎಲ್ಲಕ್ಕಿಂತ ಮುಖ್ಯ. ಆಸ್ಟ್ರೇಲಿಯಾದಿಂದ ಬಂದ ರಾಯ್ ಇಂಗ್ಲೆಂಡ್ ಎಂಬವರು ವೈಟ್ ಹಾರ್ಸ್ ಕಣಿವೆಯ ಹುಲ್ಲುಚಾವಣಿಯ ಮನೆಗಳು ಒಂದೊಂದಾಗಿ ರೂಪ ಕೆಡುವುದನ್ನು, ಅಳಿಯುವುದನ್ನು ಕಂಡರು. ಆ ಕಣಿವೆಯ ಮನೆಗಳನ್ನು ಅಳೆದು ಬರೆದುಕೊಂಡು ಮಾದರಿಯಾಗಿ ಉಳಿಸುವ ಕೆಲಸಕ್ಕೆ ಕೈಹಾಕಿ, 1954ರಲ್ಲಿ ಸಂಗ್ರಹಾಲಯ ಕಟ್ಟಿದರು. ಇಲ್ಲಿ ಮಾದರಿ ಎಂಬುದು ಮೋಜಿನ ವಸ್ತುವಾಗಿ ಉಳಿಯಲಿಲ್ಲ, ದಾಖಲೆಯಾಯಿತು.

ಭಾರತದಲ್ಲಿ

ಭಾರತೀಯ ಹವ್ಯಾಸಿಯ ಮೊದಲ ತೊಡಕು ಗೇಜಿನದು. ನಮ್ಮ ಬ್ರಾಡ್ ಗೇಜು 1,676 ಮಿ.ಮೀ. ಎಚ್‌ಒ ಪ್ರಮಾಣದಲ್ಲಿ ಅದು 19.2 ಮಿ.ಮೀ. ಆಗಬೇಕು. ಅಂಗಡಿಯ 16.5 ಮಿ.ಮೀ. ಹಳಿಯ ಮೇಲೆ ನಮ್ಮ ಡಬ್ಬಿಯನ್ನು ನಿಲ್ಲಿಸಿದರೆ ಗಾಲಿಗಳು ಒಳಗೆ ಸರಿದು, ಅಗಲವಾದ ಮೈ ಸಣ್ಣ ಕಾಲಿನ ಮೇಲೆ ನಿಂತಂತೆ ಕಾಣುತ್ತದೆ. ಎರಡನೆಯ ತೊಡಕು ಬಂಡಿಗಳದು. ಜರ್ಮನಿಯ ಅಥವಾ ಅಮೆರಿಕದ ಇಂಜಿನ್ನಿನ ಮಾದರಿಗಳು ನೂರಾರು ಬಗೆ ಸಿಗುತ್ತವೆ. ಮನೆಮುಂದೆ ಓಡುವ ನೀಲಿ ಡಬ್ಬಿ, ಸಕ್ಕರೆ ಮೂಟೆ ಹೊರುವ ವ್ಯಾಗನ್ನು, ಮೀಟರ್ ಗೇಜಿನ ಉಗಿ ಇಂಜಿನ್ನು ಅಳತೆಗೆ ಸರಿಯಾಗಿ ಸಿಗುವುದು ಅಪರೂಪ. ಹೊರದೇಶದಿಂದ ತರಿಸುವ ಖರ್ಚೂ ಸಾಮಾನ್ಯರ ಕೈಗೆ ಎಟುಕುವಂಥದ್ದಲ್ಲ. ಹೀಗಾಗಿ ಇಲ್ಲಿ ರಟ್ಟು, ಸನ್‌ಬೋರ್ಡ್, ಪ್ಲಾಸ್ಟಿಕ್ ಹಾಳೆಗಳಲ್ಲಿ ರೈಲು ಕಟ್ಟುವ ಹುಡುಗರ ಸಂಖ್ಯೆ ದೊಡ್ಡದು. ಅವರ ಕೆಲಸವನ್ನು ಬಡವರ ಬದಲಿ ಎಂದು ನೋಡುವುದು ಅನ್ಯಾಯ. ಮೂಲ ನಿರ್ಮಾಣ ಎಂದು ಬೇರೆ ದೇಶಗಳಲ್ಲಿ ಪದಕ ಕೊಡುವ ಕೆಲಸವೇ ಅದು.

ಇದೇ ಬೆಳಗಾವಿ ಗಡಿನಾಡಿನ ಕೊಗನೊಳ್ಳಿಯ ಮೂಲಕ ಹಾದು ಪುಣೆಗೆ ಹೋಗುವ ಹೆದ್ದಾರಿಯ ಆ ತುದಿಯಲ್ಲಿ ಈ ಹವ್ಯಾಸದ ದೊಡ್ಡ ನೆಲೆಯೊಂದಿದೆ. ಪುಣೆಯಲ್ಲಿ ಭಾವೂ ಜೋಶಿಯವರು ಕಟ್ಟಿದ ಕಿರು ರೈಲು ಸಂಗ್ರಹಾಲಯ 1998ರ ಏಪ್ರಿಲ್ 1ರಂದು ಸಾರ್ವಜನಿಕರಿಗೆ ತೆರೆಯಿತು. ಒಬ್ಬ ಹವ್ಯಾಸಿಯ ದುಡಿಮೆ ಊರಿನ ಸಂಸ್ಥೆಯಾಗಿ ಬೆಳೆಯಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಕರ್ನಾಟಕದಲ್ಲಿ 1979ರಲ್ಲಿ ಆರಂಭವಾದ ಮೈಸೂರಿನ ರೈಲು ಸಂಗ್ರಹಾಲಯ ಮತ್ತು 2020ರಲ್ಲಿ ತೆರೆದ ಹುಬ್ಬಳ್ಳಿಯ ರೈಲು ಸಂಗ್ರಹಾಲಯಗಳಲ್ಲಿ ಹಳೆಯ ಬಂಡಿಗಳನ್ನು ಹತ್ತಿರದಿಂದ ನೋಡಬಹುದು. ಮಾದರಿ ಕಟ್ಟುವವನಿಗೆ ಇವು ಪಾಠಶಾಲೆ ಇದ್ದಂತೆ. ಪುಸ್ತಕದ ಚಿತ್ರದಲ್ಲಿ ಕಾಣದ ಮೊಳೆಸಾಲು, ಮೆಟ್ಟಿಲಿನ ಬಾಗು, ಬಾಗಿಲ ಹಿಡಿಕೆಗಳು ಇಲ್ಲಿ ಕಾಣುತ್ತವೆ.

ಮಿರಜ ಮತ್ತು ಗಡಿನಾಡಿನ ಹಳಿಗಳು

ಕೊಗನೊಳ್ಳಿಯಲ್ಲಿ, ನಿಪ್ಪಾಣಿಯಲ್ಲಿ ರೈಲು ನಿಲ್ದಾಣವಿಲ್ಲ. ಈ ಭಾಗದವರಿಗೆ ರೈಲೆಂದರೆ ಒಂದು ಕಡೆ ಕೊಲ್ಹಾಪುರ, ಇನ್ನೊಂದು ಕಡೆ ಚಿಕ್ಕೋಡಿ ರೋಡ್, ರಾಯಬಾಗ, ಕುಡಚಿ. ಎಲ್ಲಕ್ಕೂ ಕೂಡುಹಳಿ ಮಿರಜ. ಧಾರವಾಡದಲ್ಲಿ ಕೇಂದ್ರ ಕಚೇರಿ ಇದ್ದ ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲಿ ಲೋಂಡಾ, ಬೆಳಗಾವಿ, ಘಟಪ್ರಭಾ, ಮಿರಜಗಳನ್ನು ಮುಟ್ಟುವ ಮೀಟರ್ ಗೇಜು ಹಾಸಿತು. 1891ರಲ್ಲಿ ಕೊಲ್ಹಾಪುರ ಸಂಸ್ಥಾನದ ಹಳಿ ಮಿರಜಕ್ಕೆ ಕೂಡಿತು. ಪಂಢರಪುರದ ಕಡೆಯಿಂದ ಬಾರ್ಸಿ ಲೈಟ್ ರೈಲ್ವೆಯ 762 ಮಿ.ಮೀ. ನ್ಯಾರೋ ಗೇಜು 1927ರಲ್ಲಿ ಅಲ್ಲಿಗೆ ಬಂತು. 1971ರಲ್ಲಿ ಪುಣೆ–ಮಿರಜ–ಕೊಲ್ಹಾಪುರ ಹಳಿ ಬ್ರಾಡ್ ಗೇಜಾಯಿತು. ಆಗ ಮಿರಜದಲ್ಲಿ ಮೂರೂ ಗೇಜುಗಳು ಒಂದೇ ಊರಿನಲ್ಲಿ ಕೂಡಿದವು: ಪುಣೆ, ಕೊಲ್ಹಾಪುರಕ್ಕೆ ಬ್ರಾಡ್, ಬೆಳಗಾವಿಗೆ ಮೀಟರ್, ಪಂಢರಪುರಕ್ಕೆ ನ್ಯಾರೋ. ಪ್ರಯಾಣಿಕರೂ ಸರಕೂ ಬಂಡಿ ಬದಲಿಸಲೇಬೇಕಿತ್ತು. 1990ರ ದಶಕದಲ್ಲಿ ಬೆಳಗಾವಿ ಕಡೆಯ ಹಳಿ ಬ್ರಾಡ್ ಆಯಿತು. 21ನೆಯ ಶತಮಾನದಲ್ಲಿ ಪಂಢರಪುರದ ನ್ಯಾರೋ ಗೇಜೂ ಹೋಯಿತು. ಆ ಮೂರು ಹಳಿಗಳ ನಿಲ್ದಾಣ ಇಂದು ನೆಲದ ಮೇಲಿಲ್ಲ.

ಮಾದರಿ ಕಟ್ಟುವವನಿಗೆ ಇದಕ್ಕಿಂತ ಸಮೃದ್ಧ ವಿಷಯ ಸಿಗುವುದು ಕಷ್ಟ. ಎಚ್‌ಒ ಪ್ರಮಾಣಕ್ಕೆ ಲೆಕ್ಕ ಹಾಕಿದರೆ ಬ್ರಾಡ್ 19.2, ಮೀಟರ್ 11.5, ನ್ಯಾರೋ 8.75 ಮಿ.ಮೀ. ಆಗುತ್ತದೆ. ಸಿದ್ಧ ವಸ್ತು ಎಲ್ಲಿ ಒದಗುತ್ತದೆ, ಎಲ್ಲಿ ಒದಗದು ಎಂಬುದು ಈ ಮೂರು ಅಂಕಿಗಳಲ್ಲೇ ಇದೆ. ನ್ಯಾರೋ ಗೇಜಿಗೆ ಎನ್ ಪ್ರಮಾಣದ 9 ಮಿ.ಮೀ. ಹಳಿ, ಮೋಟರು, ಗಾಲಿಗಳು ಬಹುಮಟ್ಟಿಗೆ ಒಪ್ಪುತ್ತವೆ. ಕಾಲು ಮಿಲಿಮೀಟರಿನ ಅಂತರ ಕಣ್ಣಿಗೆ ಕಾಣದು. ಮೀಟರ್ ಗೇಜಿಗೆ ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳ ಮಾದರಿಗೆಂದು ತಯಾರಾಗುವ 12 ಮಿ.ಮೀ. ಹಳಿ ಉಂಟು. ನಾಡಿನ ಮುಖ್ಯ ಗೇಜಾದ ಬ್ರಾಡ್ ಗೇಜಿಗೇ ಹಳಿ ಇಲ್ಲ. ಅದನ್ನು ಕೈಯಿಂದಲೇ ಹಾಸಬೇಕು.

ಕೈಕೆಲಸದ ವಿಧಾನ

ಹಳಿ ಹಾಸುವುದು ಹೀಗೆ. ಅಂಗಡಿಯ ಸಿದ್ಧ ಹಳಿಯ ಪ್ಲಾಸ್ಟಿಕ್ ಸ್ಲೀಪರುಗಳಿಂದ ಲೋಹದ ಪಟ್ಟಿಗಳನ್ನು ಎಳೆದು ತೆಗೆಯುತ್ತಾರೆ. ರೇಡಿಯೊ ರಿಪೇರಿಯವರು ಬಳಸುವ ತಾಮ್ರ ಮೆತ್ತಿದ ಸರ್ಕ್ಯೂಟ್ ಬೋರ್ಡನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿದರೆ ಸ್ಲೀಪರುಗಳಾದವು. ಅವನ್ನು ನಕ್ಷೆಯ ಮೇಲೆ ಅಂಟಿಸಿ, 19.2 ಮಿ.ಮೀ. ಅಗಲಕ್ಕೆ ಕಡೆದ ಲೋಹದ ತುಂಡನ್ನು ಹಳಿಗಳ ನಡುವೆ ಇಟ್ಟು, ಸಾಲ್ಡರಿಂಗ್ ಕಡ್ಡಿಯಿಂದ ಬೆಸೆಯುತ್ತಾರೆ. ಪ್ರತಿ ಸ್ಲೀಪರಿನ ನಟ್ಟನಡುವೆ ತಾಮ್ರವನ್ನು ಅರದಿಂದ ಕೆರೆದು ಕಡಿಯುವುದನ್ನು ಮರೆಯಬಾರದು. ಮರೆತರೆ ಎರಡು ಹಳಿಗಳ ನಡುವೆ ಕರೆಂಟು ಹರಿದು ಶಾರ್ಟ್ ಆಗುತ್ತದೆ. ಬ್ರಿಟನ್ನಿನ ಹವ್ಯಾಸಿಗಳ 18.83 ಮಿ.ಮೀ. ಗಾಲಿಜೋಡಿಯನ್ನು ಅಚ್ಚಿನ ಮೇಲೆ ಅರ್ಧ ಮಿಲಿಮೀಟರಿಗೂ ಕಡಿಮೆ ಸರಿಸಿದರೆ ನಮ್ಮ ಬ್ರಾಡ್ ಗೇಜಿಗೆ ಹೊಂದಿಸಿಕೊಳ್ಳಬಹುದು.

ಡಬ್ಬಿಯ ಕೆಲಸ ಇನ್ನೂ ಸೂಕ್ಷ್ಮ. ಪೆರಂಬೂರಿನ ಐಸಿಎಫ್ ಕಾರ್ಖಾನೆ 1955ರಿಂದ ತಯಾರಿಸಿದ, ದೇಶವೆಲ್ಲ ಓಡಿದ ಡಬ್ಬಿಯ ಮೈ 21,337 ಮಿ.ಮೀ. ಉದ್ದ, 3,245 ಮಿ.ಮೀ. ಅಗಲ. ಎಚ್‌ಒದಲ್ಲಿ ಅದು 245 ಮಿ.ಮೀ. ಉದ್ದ, 37 ಮಿ.ಮೀ. ಅಗಲ. ಪಕ್ಕದ ಗೋಡೆಯನ್ನು ಮೂರು ಪದರಗಳಲ್ಲಿ ಕಟ್ಟುತ್ತಾರೆ: ಹೊರಗೆ ಕಿಟಕಿ ಕೊರೆದ ತೆಳು ರಟ್ಟು, ನಡುವೆ ಕಿಟಕಿಯ ಸರಳುಗಳನ್ನು ಮುದ್ರಿಸಿದ ಪಾರದರ್ಶಕ ಹಾಳೆ, ಒಳಗೆ ಗಟ್ಟಿಗೆಂದು ದಪ್ಪ ರಟ್ಟು. ಕಿಟಕಿಯ ಮೂಲೆಗಳನ್ನು ಬ್ಲೇಡಿನ ತುದಿಯಿಂದ ಒಂದೇ ಬಾರಿಗೆ ಕೊಯ್ಯದೆ, ಹಗುರವಾಗಿ ನಾಲ್ಕೈದು ಸಲ ಎಳೆದರೆ ರಟ್ಟು ಸಿಬಿರು ಏಳುವುದಿಲ್ಲ. ಚಾವಣಿಯ ಬಾಗಿಗೆ ರಟ್ಟನ್ನು ಪೆನ್ಸಿಲಿನ ಮೇಲೆ ಮೆಲ್ಲಗೆ ಉರುಳಿಸಿ ಬಳುಕಿಸುತ್ತಾರೆ. ಬಣ್ಣಕ್ಕೆ ಮೊದಲು ವಾರ್ನಿಷ್ ಹಚ್ಚಿ ಪಾಲಿಶ್ ಕಾಗದದಿಂದ ಉಜ್ಜಿದರೆ ರಟ್ಟಿನ ನಾರು ಮುಚ್ಚಿ ತಗಡಿನ ನಯ ಬರುತ್ತದೆ. ಡಬ್ಬಿಯಡಿಯ ಗಾಲಿಚೌಕಟ್ಟು, ಗಾಲಿ, ಕೊಂಡಿಗಳನ್ನು ಯಾವುದಾದರೂ ಸಿದ್ಧ ಮಾದರಿಯಿಂದ ಎರವಲು ಪಡೆಯುವುದೇ ಜಾಣತನ. ಗಾಲಿ ಸೊಟ್ಟಗಾದರೆ ಎಷ್ಟು ಚಂದದ ಡಬ್ಬಿಯೂ ಓಡದು.

ಮೀಟರ್ ಗೇಜಿನ ಉಗಿ ಇಂಜಿನ್ನುಗಳಲ್ಲಿ ದಕ್ಷಿಣ ಭಾರತದಲ್ಲಿ ಹೆಚ್ಚು ಪರಿಚಿತವಾದ ವೈಪಿ ಇಂಜಿನ್ನಿನ ಚಾಲಕ ಗಾಲಿ 4 ಅಡಿ 6 ಅಂಗುಲದ್ದು. ಎಚ್‌ಒದಲ್ಲಿ ಅದು 16 ಮಿ.ಮೀ.ಗೆ ಕೊಂಚ ಕಡಿಮೆ. ಆ ವ್ಯಾಸದ ಗಾಲಿಯನ್ನು ಹುಡುಕಿ ತಂದು, ಕುದಿಪಾತ್ರೆಯನ್ನು ಹಿತ್ತಾಳೆ ಕೊಳವೆಯಿಂದ, ಚಾಲಕನ ಕೋಣೆಯನ್ನು ತಗಡಿನಿಂದ ಕಟ್ಟಬೇಕು.

ನೆಲದ ವಿಷಯದಲ್ಲಂತೂ ಸಿದ್ಧ ಸಾಮಗ್ರಿ ಹೆಚ್ಚು ಉಪಯೋಗಕ್ಕೆ ಬಾರದು. ವಿದೇಶದ ಪೆಟ್ಟಿಗೆಗಳಲ್ಲಿ ಬರುವುದು ಪೈನ್ ಮರ, ಹಿಮದ ಬೆಟ್ಟ. ಉಗಾರ ಖುರ್ದಕ್ಕೂ ಕುಡಚಿಗೂ ನಡುವೆ ಕೃಷ್ಣೆಯನ್ನು ದಾಟುವ ಸೇತುವೆಯ ಆಚೀಚೆ ಇರುವುದು ಕಬ್ಬಿನ ಗದ್ದೆ, ಎರೆಭೂಮಿ. ಚಹದ ಸೊಪ್ಪು, ಬಣ್ಣ ಕಟ್ಟಿದ ಕಟ್ಟಿಗೆ ಹೊಟ್ಟು, ಸೀಳಿದ ಕಾಗದದ ಎಲೆಗಳಿಂದ ಇವನ್ನು ಕಟ್ಟಬೇಕು. ಎರೆಮಣ್ಣನ್ನೇ ಜರಡಿ ಹಿಡಿದು ಬಳಸಬಹುದು. ಆದರೆ ಅದರಲ್ಲಿ ಕಪ್ಪುಕಲ್ಲಿನಿಂದ ಬಂದ ಕಬ್ಬಿಣದ ಕಣಗಳಿರುತ್ತವೆ. ಆಯಸ್ಕಾಂತ ಆಡಿಸಿ ಅವನ್ನು ತೆಗೆಯದಿದ್ದರೆ ಇಂಜಿನ್ನಿನ ಮೋಟರಿಗೆ ಹತ್ತಿಕೊಂಡು ಅದನ್ನು ಕೆಡಿಸುತ್ತವೆ.

ಈ ಭಾಗದಲ್ಲಿ ಇಂಥ ಕೆಲಸಕ್ಕೆ ಬೇಕಾದ ಕೈಗಳಿಗೆ ಕೊರತೆಯಿಲ್ಲ. ನೋಡಿದರೆ ನಿಜವೆಂದೇ ಅನ್ನಿಸುವ ಮರದ ಹಣ್ಣು, ತರಕಾರಿಗಳನ್ನು ಮಾಡುವ ಗೋಕಾಕದ ಕುಶಲಕರ್ಮಿಗಳು ಹೆಸರಾಂತವರು. ಬೆಳಗಾವಿ, ಕೊಲ್ಹಾಪುರಗಳ ಫೌಂಡ್ರಿಗಳಲ್ಲಿ ಎರಕಕ್ಕೆ ಮುನ್ನ ಮರದ ಪ್ಯಾಟರ್ನ್ ಕಡೆಯುವವರಿದ್ದಾರೆ. ಲೋಹ ಆರಿದಾಗ ಕುಗ್ಗುವ ಅಳತೆಯನ್ನೂ ಲೆಕ್ಕ ಹಿಡಿದು ಕಡೆಯುವ ಕೆಲಸವದು. ಈ ಕೌಶಲಕ್ಕೂ ಮಾದರಿ ರೈಲಿಗೂ ನಂಟು ಕಲ್ಪಿಸಿದರೆ ಹವ್ಯಾಸಕ್ಕೆ ದೊಡ್ಡ ಬಲ ಬರುತ್ತದೆ.

ಹೊಸ ಉಪಕರಣಗಳು

ಲೇಸರ್ ಕತ್ತರಿ ಮತ್ತು ತ್ರೀಡಿ ಮುದ್ರಣ ಬಂದ ಮೇಲೆ ಹಳೆಯ ಎರಡು ದಾರಿಗಳ ನಡುವಿನ ಅಂತರ ಕಿರಿದಾಗಿದೆ. ಒಬ್ಬ ಹವ್ಯಾಸಿ ಕಂಪ್ಯೂಟರಿನಲ್ಲಿ ನ್ಯಾರೋ ಗೇಜು ಡಬ್ಬಿಯ ನಕ್ಷೆ ಬರೆದರೆ ಹತ್ತು ಮಂದಿ ಅದನ್ನು ಮುದ್ರಿಸಿಕೊಳ್ಳಬಹುದು. ಮುದ್ರಿಸಿಕೊಂಡವರಿಗೆ ಅದು ಸಿದ್ಧ ಮಾದರಿಗೆ ಹತ್ತಿರ. ಬರೆದವನಿಗೆ ಅದು ಪೂರ್ಣ ಕೈಕೆಲಸ, ಏಕೆಂದರೆ ಅಳತೆ ತೆಗೆಯುವುದು, ಹಳೆಯ ಫೋಟೊಗಳನ್ನು ಹೋಲಿಸುವುದು, ಕಾಣದ ಬದಿಯನ್ನು ಊಹಿಸದೆ ದಾಖಲೆಯಿಂದ ಖಚಿತಪಡಿಸಿಕೊಳ್ಳುವುದು ಯಂತ್ರದಿಂದ ಆಗದ ಕೆಲಸ. ಮುದ್ರಣದ ಪದರಗೆರೆಗಳನ್ನು ಉಜ್ಜಿ ನಯಗೊಳಿಸಲು, ಬಣ್ಣ ಹಚ್ಚಲು ಕೈಯೇ ಬೇಕು.

ಮಹತ್ವ

ಸಿದ್ಧ ಮಾದರಿ ಮಾರುಕಟ್ಟೆ ಇರುವ ರೈಲನ್ನು ಮಾತ್ರ ಉಳಿಸುತ್ತದೆ. ಜರ್ಮನಿಯ ಪ್ರಸಿದ್ಧ ಇಂಜಿನ್ನಿಗೆ ಸಾವಿರಾರು ಕೊಳ್ಳುಗರಿದ್ದಾರೆ, ಆದ್ದರಿಂದ ಅದರ ಅಚ್ಚು ತಯಾರಾಗುತ್ತದೆ. ಶೇಡಬಾಳ, ಚಿಂಚಲಿ, ರಾಯಬಾಗಗಳಲ್ಲಿ ನಿಂತು ಹೋಗುತ್ತಿದ್ದ ಮೀಟರ್ ಗೇಜು ಪ್ಯಾಸೆಂಜರಿಗೆ ಅಂಥ ಕೊಳ್ಳುಗರಿಲ್ಲ, ಯಾವ ಕಾರ್ಖಾನೆಯೂ ಅದಕ್ಕೆ ಅಚ್ಚು ಹಾಕಲಾರದು. ಅದನ್ನು ಕಂಡವರು, ಅದರಲ್ಲಿ ದುಡಿದ ಗಾರ್ಡು, ಫೈರ್‌ಮನ್, ಗ್ಯಾಂಗ್‌ಮನ್ನುಗಳು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ನೆನಪು, ಮನೆಗಳಲ್ಲಿರುವ ಫೋಟೊಗಳು, ನಿಲ್ದಾಣಗಳಲ್ಲಿ ಉಳಿದ ಹಳೆಯ ಕಲ್ಲಿನ ಕಟ್ಟಡಗಳು, ಇವೆಲ್ಲವನ್ನೂ ಅಳೆದು ಬರೆದಿಡುವ ಕೆಲಸ ಮೊದಲು ಆಗಬೇಕು. ಕಟ್ಟುವಾಗ ಗಾಲಿ, ಮೋಟರು, ಒಗ್ಗುವ ಹಳಿಗಳನ್ನು ಸಂಕೋಚವಿಲ್ಲದೆ ಅಂಗಡಿಯಿಂದ ತರಬಹುದು. ಉಳಿದದ್ದನ್ನು ಈ ನೆಲದವರ ಕೈಯೇ ಮಾಡಬೇಕು. ಶಾಲೆಯ ವಿಜ್ಞಾನ ಕೊಠಡಿಯಲ್ಲಿ, ಐಟಿಐಗಳ ಫಿಟ್ಟರ್ ವಿಭಾಗದಲ್ಲಿ ಮಿರಜದ ಮೂರು ಹಳಿಗಳ ಒಂದು ಮಾದರಿಯನ್ನು ಕೈಗೆತ್ತಿಕೊಂಡರೆ, ಗಣಿತ, ಲೋಹಗೆಲಸ, ವಿದ್ಯುತ್ತು ಮತ್ತು ಊರಿನ ಚರಿತ್ರೆಯನ್ನು ಒಟ್ಟಿಗೆ ಕಲಿಸುವ ಪಾಠ ಅದಾಗುತ್ತದೆ.